ಬಲಗೆನ್ನೆಯ ಮಚ್ಚೆ

ಈ ಫ್ಯಾನು ಯಾಕಿಷ್ಟು ಕಟಕಟ ಅನ್ನುತ್ತಿದೆ, ಒಳಗೆ ಹೋದ ಈ ಅಮೋಲ್ ಏನು ಮಾಡುತ್ತಿದ್ದಾನೆಂದು ನನಗೆ ಕೇಳಿಸಬಾರದು ಅಂತಲೇ ಹಚ್ಚಿ ಹೋದನೇ, ಮೂಲ ಚಿತ್ರ ತರ್ತೀನಿ ಕುಂದರ್ರಿ ಅಂದು ಹತ್ತು ನಿಮಿಷವಾಯಿತು, ಇದ್ದರೆ ತಾನೆ ತರುವುದು, ಕೆಳಗೆ ಸುಲ್ತಾನ್ ಬಜಾರಿನಲ್ಲಿ ಸೌ ಕಾ ದೋ, ಸೌ ಕಾ ದೋ ಎಂದು ನೂರಕ್ಕೆರಡು ದುಪಟ್ಟಾ ಮಾರುವವನ ಕೂಗು, ಮೇಲೆ ಈ ಕೋಣೆಯ ಗೋಡೆ ತುಂಬ ಮಕ್ಕಳ ಪುಸ್ತಕಗಳ ಮುಖಪುಟಗಳು — ಆನೆ, ನರಿ, ಹಾರುವ ಮಂಚ — ಇವುಗಳಲ್ಲಿ ಇವನದೆಷ್ಟೋ, ಕದ್ದದ್ದೆಷ್ಟೋ. ಉಪ್ಪಲಿನಿಂದ ಮೆಟ್ರೋದಲ್ಲಿ ಚೀಲವನ್ನು ಎದೆಗವಚಿಕೊಂಡೇ ಬಂದೆ, ಅದರೊಳಗೆ ಅಪ್ಪ ಬರೆದ ಚಿತ್ರ, ಮೇಕೆಮರಿಯನ್ನು ಅಪ್ಪಿಕೊಂಡ ಹುಡುಗಿ, ಬಲಗೆನ್ನೆಯ ಮೇಲೆ ಮಚ್ಚೆ, ನನ್ನದೇ ಮಚ್ಚೆ, ಅವಳು ನಾನೇ. ಹೋದ ವಾರ ಅಂಗಡಿಯಲ್ಲಿ ಆ ಹಳೆಯ ಪುಸ್ತಕದ ಹೊಸ ಮುದ್ರಣ ಕಂಡೆ, ಅದೇ ಹುಡುಗಿ, ಅದೇ ಮರಿ, ಒಳಗೆ ಮುಖಪುಟ ಚಿತ್ರ: ಅಮೋಲ್ ಎಂದು ಅಚ್ಚಾಗಿದೆ, ಆದರೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ, ಮಚ್ಚೆ ಎಡಗೆನ್ನೆಗೆ ಹೋಗಿದೆ — ಗುರುತು ಸಿಗಬಾರದೆಂದು ತಿರುಗಿಸಿದ್ದಾನೆ ಕಳ್ಳ, ಫೋನಿನಲ್ಲಿ ನಾನು ಜಯತೀರ್ಥರ ಮಗಳು ಸಂಯುಕ್ತಾ ಅಂದ ಕೂಡಲೇ ಆ ಮರಿ ಚಿತ್ರದ ಸುದ್ದೀನೇನ್ರಿ ಅಂದನಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮುಂದಿನ ಮುದ್ರಣದಲ್ಲಿ ಅಪ್ಪನ ಹೆಸರು ಬರಬೇಕು, ಅವರು ಹೋಗಿ ಮೂರು ವರ್ಷವಾಯಿತು, ಅಷ್ಟನ್ನಾದರೂ ಮಾಡದಿದ್ದರೆ ನಾನೆಂಥ ಮಗಳು.

ಏಳು ವರ್ಷ ನನಗಾಗ, ಶಾಲೆಯಲ್ಲಿ ಮಕ್ಖಿ ಮಕ್ಖಿ ಎಂದು ಹುಡುಗಿಯರ ಕೂಗು, ಕೆನ್ನೆಯ ಮೇಲೆ ನೊಣ ಕೂತಿದೆಯಂತೆ, ಉಜ್ಜಿ ಉಜ್ಜಿ ಕೆನ್ನೆ ಕೆಂಪಾಗಿತ್ತು, ಅಪ್ಪ ಈ ಚಿತ್ರ ತಂದು ಮುಂದೆ ಹಿಡಿದರು, ಅಳಬ್ಯಾಡವಾ, ಕಥಿ ಪುಸ್ತಕದವರು ನಿನ್ನ ಚಿತ್ರನ ಬೇಕಂತ ಕೇಳ್ಯಾರ, ನಾನ ಬರದೀನಿ, ಖರೇನ ಅಪ್ಪಾ, ಖರೇನ. ಪುಸ್ತಕವೂ ಬಂತು, ಆದರೆ ಆಗಲೇ ಖಾಕಿ ಕಾಗದದ ಹೊದಿಕೆ ಹಾಕಿಯಾಗಿತ್ತು, ಜೂನ್ ಬಂದರೆ ಅಪ್ಪ ಶಾಲೆಯ ಎಲ್ಲ ಪುಸ್ತಕಕ್ಕೂ ಹಾಕುತ್ತಿದ್ದರು, ಮಡಿಚಿ ಸಿಕ್ಕಿಸುತ್ತಿದ್ದರು ಅಷ್ಟೇ, ಇದೊಂದಕ್ಕೆ ಮಾತ್ರ ನಾಲ್ಕೂ ಕಡೆ ಗೋಂದು, ತೆಗೀಬ್ಯಾಡ, ಮುಖಪುಟ ಹೊಲಸಾಗ್ತದ — ಯಾಕೆ ಗೋಂದು? ಹೋಗಲಿ, ರಕ್ಷಣಾ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು, ಎಲ್ಲದರಲ್ಲೂ ಅತಿ ಜಾಗ್ರತೆ, ಟ್ರೇಸಿಂಗ್ ಹಾಳೆಯನ್ನು ನಾನು ಉಲ್ಟಾ ಇಟ್ಟರೆ ಬೈಯುತ್ತಿದ್ದರು, ಹಾಳಿ ತಿರುಗಿದ್ರ ಎಡಗಡೆ ತೂತು ಬಲಗಡೆ ಬರ್ತದ, ಇಡೀ ಮಷೀನು ಕೆಡ್ತದ, ಕೆಲಸ ಮಾಡಿದ ಅಷ್ಟೂ ವರ್ಷ ಒಂದು ಹಾಳೆಯನ್ನೂ ತಪ್ಪಾಗಿ ಇಟ್ಟವರಲ್ಲ. ಅಗೋ ಚಪ್ಪಲಿಯ ಸಪ್ಪಳ, ಚಹಾ ಹಿಡಿದು ಬಂದವಳು ಅಮೋಲನ ತಂಗಿಯಂತೆ, ಶ್ರೀವಿದ್ಯಾ, ಐವತ್ತೈದರ ಹತ್ತಿರ, ಯಾಕೆ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಅಣ್ಣ ಹೇಳಿಕೊಟ್ಟು ಕಳಿಸಿದ್ದಾನೆ, ಸಕ್ರಿ ಸಾಕೇನ್ರಿ ಎಂದು ಬಾಗಿದಳು, ಅವಳ ಎಡಗೆನ್ನೆಯ ಮೇಲೆ — ಬಟ್ಟಲು ಎಲ್ಲಿಡಲಿ — ಮಚ್ಚೆ. ಸಿಕ್ತು ನೋಡ್ರಿ ಎನ್ನುತ್ತ ಅಮೋಲ್ ಮೂಲ ಚಿತ್ರದ ದಪ್ಪ ರಟ್ಟನ್ನು ನನ್ನ ಮಡಿಲಲ್ಲಿಟ್ಟ, ಇಕಿನ್ನ ಕುಂದರಿಸಿ ಬರದಿದ್ದೆ, ಮರಿ ಕೊಸರಾಡಿದ್ರ ಭಾಳ ಅಳ್ತಿದ್ಲು, ಮೂಲೆಯಲ್ಲಿ ಮುದ್ರಣಾಲಯದ ಮುದ್ರೆ, ತಾರೀಕು, ನಾನಾಗ ತೊಟ್ಟಿಲಲ್ಲಿದ್ದೆ. ಪುಸ್ತಕ ಬಂದು ಆರೇಳು ವರ್ಷದ ಮ್ಯಾಲ ನಿಮ್ಮಪ್ಪಾರು ಒಂದು ಐತವಾರ ಅದನ್ನ ಹಿಡಕೊಂಡು ಬಂದು ಟ್ರೇಸ್ ಮಾಡ್ಕೊಂಡ್ರು, ಹಾಳಿ ಉಲ್ಟಾ ಮಾಡಿ ಬಣ್ಣ ಹಚ್ಚಾಕತ್ತೀರಲ್ರಿ ಸರ್ ಅಂದೆ, ಗೊತ್ತದ, ನನಗ ಹಂಗ ಬೇಕು ಅಂದ್ರು — ಅಪ್ಪ, ಸುಳ್ಳು ಹೇಳಿದಿರಿ, ಸಿಟ್ಟು ಬರುತ್ತಿದೆ, ಅಳು ಬರುತ್ತಿದೆ, ನಲವತ್ತು ವರ್ಷ ನಾನಲ್ಲದ ಹುಡುಗಿಯನ್ನು ನಾನೆಂದುಕೊಂಡೆ, ಏನೋ ಕೇಳಬೇಕಂದಿದ್ರಲ್ರಿ ಫೋನಿನಾಗ, ಎನ್ನುತ್ತಿದ್ದಾನೆ ಅಮೋಲ್, ಏನು ಕೇಳಲಿ, ಯಾರ ಹೆಸರು ಹಾಕಿಸಲಿ, ಕಣ್ಣ ಮುಂದೆ ಅಪ್ಪನ ಕೈ, ಹಾಳೆಯನ್ನು ಎತ್ತುತ್ತದೆ, ಬೇಕೆಂದೇ ತಿರುಗಿಸುತ್ತದೆ, ಕುಂಚದ ತುದಿಯಿಂದ ಇಡುತ್ತದೆ, ಕಪ್ಪು ಮಚ್ಚೆ, ಬಲಗೆನ್ನೆಯ ಮೇಲೆ, ಮಚ್ಚೆ —