ಇಪ್ಪತ್ತೇಳನೇ ನಂಬರಿನ ಬ್ಲೇಡು

"ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವ್ನು ನಂಗೆ ಪ್ರಾಬಬಿಲಿಟಿ ಹೇಳ್ಕೊಡ್ತಾನೆ, ಕೇಳ್ರಪ್ಪಾ!" ಎಂದ ಶ್ರೀಕಾಂತ್, ಬಾಯಲ್ಲಿ ಚಿರೋಟಿ ಇಟ್ಟುಕೊಂಡೇ.

ಎರಿನ್ ಮಿಲ್ಸ್ ಬಡಾವಣೆಯಲ್ಲಿ ರಘುನಾಥರ ಹೊಸ ಮನೆಯ ಬೇಸ್‌ಮೆಂಟಿಗೆ ಬೇಸ್‌ಮೆಂಟೇ ನಕ್ಕಿತು. ಗೃಹಪ್ರವೇಶದ ಊಟಕ್ಕೆ ಬಂದಿದ್ದ ಹದಿನೈದು ಮಂದಿಯಲ್ಲಿ ನಗದಿದ್ದವನು ಉದಯಕುಮಾರ ಒಬ್ಬನೇ. ಮನೆಯೊಡತಿ ರಾಜಲಕ್ಷ್ಮಿ "ಪಾಪ, ಬಿಡಿ ಅವನ್ನ" ಎಂದರು. ಅದು ನಗುವಿಗಿಂತ ಹೆಚ್ಚು ಉರಿಯಿತು.

ಅವನು ಅಂದದ್ದಾದರೂ ಏನು? "ಅಸಿಸ್ಟು ಒಬ್ಬನ ಕೈಯಾಗಿಲ್ರೀ. ಇವ ಪಕ್ ದಾಟಿಸಿದ್ರ ಆತೇನು? ಮುಂದಿನವ ಗೋಲು ಹೊಡೀಬೇಕಲ್ಲ." ಅಷ್ಟೇ.

ಮಾತು ಎದ್ದದ್ದು ಶ್ರೀಕಾಂತನ ಫೋನಿನಿಂದ. ಸಂಜೆ ಏಳಕ್ಕೆ ಊರಿನ ತಂಡದ ಐಸ್ ಹಾಕಿ ಆಟವಿತ್ತು. ಇಪ್ಪತ್ತೇಳನೇ ನಂಬರಿನ ಆಟಗಾರನಿಗೆ ಒಂದಾದರೂ ಅಸಿಸ್ಟು, ಅಂದರೆ ಗೋಲಿಗೆ ಪಕ್ಕಿನ ಬಿಲ್ಲೆ ದಾಟಿಸಿಕೊಟ್ಟ ಲೆಕ್ಕ, ಸಿಗುತ್ತದೋ ಇಲ್ಲವೋ? ಆ್ಯಪಿನಲ್ಲಿ 'ಹೌದು' ಅರವತ್ತೆರಡು ಸೆಂಟಿಗೆ, 'ಇಲ್ಲ' ಮೂವತ್ತೆಂಟಕ್ಕೆ ಮಾರಾಟಕ್ಕಿತ್ತು. ಸರಿಯಾದದ್ದನ್ನು ಕೊಂಡವನಿಗೆ ಆಟ ಮುಗಿದ ಮೇಲೆ ಒಂದು ಡಾಲರು, ತಪ್ಪಿದವನಿಗೆ ಸೊನ್ನೆ.

"ಲಕ್ಕಲ್ಲ ಕಣ್ರೀ ಇದು. ನಂದೇ ಒಂದು ಮಾಡೆಲ್ಲಿದೆ. ಹನ್ನೆರಡರಲ್ಲಿ ಹತ್ತು ಹೊಡೆದಿದೀನಿ, ನೋಡಿ ಬೇಕಾದ್ರೆ."

ಫೋನು ಕೈಯಿಂದ ಕೈಗೆ ದಾಟಿತು. ಪಕ್ಕದ ವಿಕ್ರಮ್ "ನೀನೂ ನೋಡು ಗುರು" ಎಂದು ಉದಯನ ಕೈಗಿಟ್ಟ.

ಆಟಗಾರರ ನಂಬರುಗಳ ಪಟ್ಟಿ. ಹದಿನಾಲ್ಕು: ಇಲ್ಲ. ಎಂಟು: ಹೌದು. ಮೂವತ್ತೊಂದು: ಇಲ್ಲ. ಉದಯ ಇನ್ನೊಮ್ಮೆ ಮೇಲಿನಿಂದ ಓದಿದ. ತಾರೀಖುಗಳೆಲ್ಲ ಶನಿವಾರದವು.

ಅವನ ಕೆಲಸ ಆ ತಂಡ ಪ್ರಾಕ್ಟೀಸು ಮಾಡುವ ಐಸಿನ ಅಂಗಳದಲ್ಲಿ, ರಿಂಕಿನಲ್ಲಿ, ಸ್ಕೇಟಿನ ಬ್ಲೇಡು ಮಸೆಯುವುದು. ಬೆಳಗಾವಿ ಕಡೆಯ ಶಿವಲಿಂಗಪ್ಪ ಕಾಕಾ ಕೆಲಸ ಕೊಡಿಸಿ, ಕಲಿಸಿದವರು. ಮಸೆದ ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆಯಬೇಕು. ಬಿಳಿ ಪುಡಿ ಎದ್ದರೆ ಹದ ಬಂತೆಂದು ಅರ್ಥ. ಆಟಗಾರರು ತಮಗೆ ಬೇಕಾದ ಹದವನ್ನು ತಾವೇ ಹೇಳುತ್ತಾರೆ. ತೊಡೆಸಂದು ನೋಯುವವನು ಮೊಂಡು ಕೇಳುತ್ತಾನೆ, ಮೈ ಹಗುರಾದವನು ಹರಿತ ಕೇಳುತ್ತಾನೆ. ಆ ಮಾತು ಮಸೆಯುವ ಕೋಣೆ ದಾಟಬಾರದು. ಮೊದಲ ದಿನವೇ ತಂಡದವರು ಸಹಿ ಹಾಕಿಸಿಕೊಂಡಿದ್ದರು.

ಶ್ರೀಕಾಂತ್ ಮೂರು ತಿಂಗಳಿಂದ ಪ್ರತಿ ಶನಿವಾರ ರಿಂಕಿನ ಬಾಗಿಲಲ್ಲಿ ಕಾರು ತಂದು ನಿಲ್ಲಿಸುತ್ತಿದ್ದ. "ನಂಗೂ ಸ್ಟ್ರೀಟ್ಸ್‌ವಿಲ್ ಕಡೇನೇ ಕೆಲ್ಸ, ಬಾರೋ ಮಗಾ." ಕಾರಿನಲ್ಲಿ ಬಿಸಿ ಕಾಫಿ ಕಾಯುತ್ತಿತ್ತು. "ಎಲ್ಲಿ, ಉಗುರು ತೋರ್ಸು. ಇವತ್ತು ಯಾರ ಬ್ಲೇಡು?" ಈ ದೇಶಕ್ಕೆ ಬಂದ ಮೇಲೆ ಉದಯನ ಕೆಲಸದ ಬಗ್ಗೆ ಇಷ್ಟು ಅಕ್ಕರೆಯಿಂದ ಕೇಳಿದವರು ಇನ್ನೊಬ್ಬರಿರಲಿಲ್ಲ. ಹಿಗ್ಗಿ ಹೇಳಿದ್ದ: "ಹದಿನಾಲ್ಕನೇದಾಂವ ಇವತ್ತ ಮೊಂಡ ಇರಲಿ ಅಂದಾನ್ರೀ, ಸಂದು ಹಿಡದೈತಂತ."

ಇದೋ, ಫೋನಿನಲ್ಲಿ ಅದೇ ಹದಿನಾಲ್ಕು. ಮಾಡೆಲ್ಲಂತೆ, ಮಾಡೆಲ್ಲು!

ಇವತ್ತು ಇಲ್ಲಿಗೆ ಕರೆತರುವಾಗ ಕಾರಿನಲ್ಲಿ ಶ್ರೀಕಾಂತನ ಹೆಂಡತಿ ದೀಪ್ತಿ ಇದ್ದಳು. ಅವನು ದಾರಿಯುದ್ದಕ್ಕೂ ಬ್ಲೇಡಿನ ಸುದ್ದಿಯನ್ನೇ ಎತ್ತಿರಲಿಲ್ಲ. ಯಾಕೆಂದು ಈಗ ಹೊಳೆಯಿತು: ಮಾಡೆಲ್ಲಿನ ಗುಟ್ಟು ಅವಳಿಗೂ ತಿಳಿಯಬಾರದು.

ನಿನ್ನೆಯಷ್ಟೇ ಕಾಕಾ ಬಾಗಿಲು ಮುಚ್ಚಿ ಅಂದಿದ್ದರು: "ಒಳಗಿನ ಸುದ್ದಿ ಹೊರಗ ಹೊಂಟೈತಂತ. ಸೋಮವಾರ ಒಬ್ಬೊಬ್ಬರನ್ನ ಕರದು ಕೇಳ್ತಾರ. ಸಿಕ್ಕವ ಮನೀಗೆ. ನಿನ್ನ ತಂದು ನಿಲ್ಲಿಸಿದಾಂವ ನಾನು, ನಂದೂ ಹೋಗತೈತಿ."

"ಯಾವ ಹಲ್ಕಟ್ ನನಮಗಾ ಕಾಕಾ, ಸಿಗಲಿ ಅಂವ!" ಎಂದು ಉದಯ ಬೈದಿದ್ದ. ಬೈದದ್ದು ತನ್ನನ್ನೇ.

ಫೋನನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಹತ್ತಿದ. ಬಾಗಿಲ ಹತ್ತಿರ ಚಪ್ಪಲಿ, ಬೂಟುಗಳ ರಾಶಿಯಲ್ಲಿ ತನ್ನ ಬೂಟು ಹುಡುಕುತ್ತಿರುವಾಗ ಹಿಂದೆ ಹೆಜ್ಜೆಗಳ ಸದ್ದಾಯಿತು. ಶ್ರೀಕಾಂತ್. ದನಿ ಬೆಲ್ಲವಾಗಿತ್ತು.

"ಬೇಜಾರಾಯ್ತೇನೋ? ತಮಾಷೆಗಂದೆ ಕಣೋ. ನೀನು ನನ್ ತಮ್ಮ ಇದ್ದಂಗೆ."

ಉದಯ ಲೇಸು ಎಳೆದ.

"ಅಂದ್ಹಾಗೆ... ಇಪ್ಪತ್ತೇಳು ಬೆಳಿಗ್ಗೆ ಬಂದಿದ್ನಾ? ಏನಂದ?"

ಬಂದಿದ್ದ. ಎಡಗಾಲಿನ ಬ್ಲೇಡು ಆದಷ್ಟು ಮೊಂಡು ಮಾಡು ಎಂದಿದ್ದ, ಹಲ್ಲು ಕಚ್ಚಿಕೊಂಡು. ಕಾಲಿಗೆ ಹಿಡಿತವಿಲ್ಲದವನು ಯಾರಿಗೆ ಏನು ದಾಟಿಸಿಯಾನು?

'ಹುಲಿ ಆಗ್ಯಾನ್ರೀ, ಇದ್ದಬದ್ದದ್ದೆಲ್ಲಾ ಹೌದಿಗೆ ಹಾಕ್ರಿ' ಎಂಬ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಎಷ್ಟು ಸಿಹಿ ಆ ಸುಳ್ಳು! ಈ ಮನುಷ್ಯ ರಾತ್ರಿ ಹತ್ತಕ್ಕೆ ತಲೆ ಮೇಲೆ ಕೈ ಹೊತ್ತು ಕೂರುವುದು ಕಣ್ಣಿಗೆ ಕಟ್ಟಿತು. ಆದರೆ ಸುಳ್ಳಾದರೂ ಅದು ಆ ಕೋಣೆಯಿಂದ ಹೊರಟ ಮಾತೇ. ಸೋಮವಾರ ಕಾಕಾನ ಕಣ್ಣೆದುರು ಕೂತಾಗ ಒಪ್ಪಿಕೊಳ್ಳಬೇಕಾದ ಮಾತು ಇನ್ನೊಂದು ಹೆಚ್ಚಾಗಿರುತ್ತದೆ, ಅಷ್ಟೇ.

"ಹೇಳೋ, ಟೈಮಿಲ್ಲ. ರೇಟು ಏರ್ತಿದೆ."

ಶ್ರೀಕಾಂತನ ಕಣ್ಣು ಆಗಲೇ ಅವನ ಹೆಬ್ಬೆರಳ ಉಗುರಿನ ಗೀರುಗಳನ್ನು ಹುಡುಕುತ್ತಿತ್ತು. ಉದಯ ಆ ಕೈಯನ್ನು ಜಾಕೆಟ್ಟಿನ ಜೇಬಿಗೆ ತುರುಕಿ, ಇನ್ನೊಂದರಿಂದ ಬಾಗಿಲು ತೆರೆದ. ಚಳಿ ಮುಖಕ್ಕೆ ಬಡಿಯಿತು.

"ಲೇ, ನಿನ್ನೇ ಕೇಳ್ತಿರೋದು! ವಾಪಸ್ ಹೆಂಗೋಗ್ತೀಯಾ? ಯಾರು ಬಿಡ್ತಾರೆ ನಿನ್ನ?"

ಕಾಕಾನ ಮನೆಯ ಕಡೆ ಹೋಗುವ ಬಸ್ಸು ನಿಲ್ಲುವುದು ಎರಡು ಬೀದಿಯಾಚೆ. ಉದಯ ಆ ಕಡೆಗೆ, ಹಿಮದ ಮೇಲೆ ಬೂಟು ಒತ್ತುತ್ತಾ ನಡೆದ.