ಮುಂದಿನ ಸಾಲಿನ ನಾಲ್ಕನೇ ಕುರ್ಚಿ

1

ಈ ಕಥೆಯನ್ನು ವಿಮಾನದಿಂದ ಶುರುಮಾಡಲೋ, ಕುರ್ಚಿಯಿಂದ ಶುರುಮಾಡಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಿಮಾನದಿಂದ ಮಾಡಿದರೆ ನೀವು ಇದು ವಲಸೆಯ ಕಥೆ ಎಂದುಕೊಂಡು ಕರವಸ್ತ್ರ ಹುಡುಕುತ್ತೀರಿ. ಕುರ್ಚಿಯಿಂದ ಮಾಡಿದರೆ ರಾಜಕೀಯ ಎಂದುಕೊಂಡು ಪುಟ ತಿರುವುತ್ತೀರಿ. ವಿಮಾನ ನಿಲ್ದಾಣದ ಮಗ್ಗುಲಿಗೇ ಇರುವ ನಮ್ಮ ಮಾಲ್ಟನ್‌ನಲ್ಲಿ ಎರಡೂ ಒಟ್ಟಿಗೇ ಇವೆ. ಕೆಳಗೆ ಕುರ್ಚಿ, ಮೇಲೆ ವಿಮಾನ. ಮಾತಾಡುತ್ತಿದ್ದವರು ವಿಮಾನ ದಾಟುವ ತನಕ ಬಾಯಿ ತೆರೆದುಕೊಂಡೇ ಕಾಯುತ್ತಾರೆ.

(ಮೊದಲ ಡ್ರಾಫ್ಟು "ಹಿಮ ಸುರಿಯುತ್ತಿತ್ತು" ಎಂದು ಶುರುವಾಗಿತ್ತು. ಫೆಬ್ರುವರಿಯಲ್ಲಿ ಇಲ್ಲಿ ಹಿಮ ಸುರಿಯುತ್ತದೆ ಎಂದು ಹೇಳಲು ಕಥೆಗಾರ ಬೇಕೇ? ಹರಿದು ಹಾಕಿದೆ.)

ನಾನು ಬಹಳ ಕಾಲ ಇನ್ಶೂರೆನ್ಸ್ ಮಾರಿದವನು. ಕಥೆ ಬರೆಯುವುದೂ ಹೆಚ್ಚುಕಡಿಮೆ ಅದೇ ಕೆಲಸ: ಇನ್ನೂ ಆಗದ ಅನಾಹುತವನ್ನು ಎದುರಿಗೆ ಕೂತವರಿಗೆ ನಂಬಿಸಬೇಕು. ಅಲ್ಲಿ ಕೊನೆಗೆ ಸಹಿ ಹಾಕುತ್ತಿದ್ದರು, ಇಲ್ಲಿ ಆಕಳಿಸುತ್ತಾರೆ.

2

ಕುರ್ಚಿಯೇ ಇರಲಿ.

2019ರ ಫೆಬ್ರುವರಿ. ನಮ್ಮ ಕನ್ನಡ ಬಳಗ (ಹೆಸರು ಹೇಳುವುದಿಲ್ಲ, ಹೇಳಿದರೆ ಎರಡೂ ಬಣದವರು ಫೋನ್ ಮಾಡುತ್ತಾರೆ) ಕಪ್ಪು ಜನರ ಇತಿಹಾಸ ನೆನೆಯುವ ಬ್ಲ್ಯಾಕ್ ಹಿಸ್ಟರಿ ತಿಂಗಳಿನಲ್ಲಿ ನಾಗರಿಕ ಹಕ್ಕುಗಳ ಚಳವಳಿಯನ್ನು ಸ್ಮರಿಸಲು ಹೊರಟಿತು. ಅಕ್ಟೋಬರಿನಲ್ಲಿ ಚುನಾವಣೆ. ಎರಡಕ್ಕೂ ಸಂಬಂಧವಿಲ್ಲ ಎಂದು ಕಮಿಟಿ ಮೀಟಿಂಗಿನಲ್ಲಿ ಎಲ್ಲರೂ ಒಮ್ಮತದಿಂದ ಹೇಳಿದರು. ಒಮ್ಮತದಿಂದ ಹೇಳಿದ್ದು ಅದೊಂದನ್ನೇ.

ಕಮಿಟಿಯಲ್ಲಿ ಕೆಂಪು ಪಕ್ಷದ, ಅಂದರೆ ಲಿಬರಲ್ಲಿನ, ಬೆಂಬಲಕ್ಕೆ ಆಶಾಲತಾ. ಮನೆ ಮಾರಿಸುವ ಏಜೆಂಟು; ಬೇಸ್‌ಮೆಂಟಿನ ತೇವವನ್ನೂ ಹೊಗಳಬಲ್ಲರು. ನೀಲಿ ಪಕ್ಷದ, ಅಂದರೆ ಕನ್ಸರ್ವೇಟಿವಿನ, ಬೆಂಬಲಕ್ಕೆ ಸಿರಿವಂತರ ಬಡಾವಣೆ ಕ್ಲೈನ್‌ಬರ್ಗಿನ ರುದ್ರಪ್ಪ. ನಿವೃತ್ತ ಇಂಜಿನಿಯರು, ನಿವೃತ್ತಿಯಾದದ್ದು ಇಂಜಿನಿಯರಿಂಗಿನಿಂದ ಮಾತ್ರ.

"ಬಿಲ್ ಆಫ್ ರೈಟ್ಸ್ ತಂದವ್ರು ಯಾರ್ರೀ? ನಾವು! ನೈಂಟೀನ್ ಸಿಕ್ಸ್ಟಿ!" ಎಂದರು ರುದ್ರಪ್ಪ.

"ಹಕ್ಕುಗಳ ಚಾರ್ಟರ್ ತಂದಿದ್ದು ನಾವು ಸರ್. ಏಯ್ಟಿ ಟೂ. ನಿಮ್ಮದಕ್ಕೆ ಹಲ್ಲೇ ಇರ್ಲಿಲ್ಲ," ಎಂದರು ಆಶಾಲತಾ.

(1960ರಲ್ಲಿ ರುದ್ರಪ್ಪ ಗದಗಿನಲ್ಲಿ ಏಳನೇ ಇಯತ್ತೆ. 1982ರಲ್ಲಿ ಆಶಾಲತಾ ಜಯನಗರದಲ್ಲಿ ಸೈಕಲ್ ಕಲಿಯುತ್ತಿದ್ದರು.)

ಬ್ಯಾನರಿನಲ್ಲಿ "ಹೋರಾಟ" ಇತ್ತು. "ಹೋರಾಟ ಅಂದ್ರ ಲೆಫ್ಟ್ ಆಗತೈತಿ, ತಗೀರಿ," ಎಂದರು ರುದ್ರಪ್ಪ. "ಹಾಗಾದ್ರೆ 'ಹೆಮ್ಮೆಯ ಪರಂಪರೆ'ನೂ ತೆಗೀರಿ, ಅದು ನಿಮ್ಮ ಪ್ಯಾಂಫ್ಲೆಟ್ಟಿಂದು," ಎಂದರು ಆಶಾಲತಾ. ತೆಗೆಯುತ್ತ ತೆಗೆಯುತ್ತ ಕೊನೆಗೆ "ಸ್ಮರಣೆ" ಎಂಬ ಒಂದೇ ಪದ ಉಳಿಯಿತು. ಯಾರದ್ದು, ಯಾತರದ್ದು ಎಂದಿಲ್ಲ. ಬಣ್ಣದ ಜಗಳವನ್ನು ಪ್ರಿಂಟಿಂಗಿನವನೇ ಕೆಂಪು ನೀಲಿ ಬೆರೆಸಿ ಬಗೆಹರಿಸಿದ. ಆ ನೇರಳೆ ಬ್ಯಾನರನ್ನು ದೂರದಿಂದ ನೋಡಿದರೆ ಬಳಗದಲ್ಲಿ ಯಾರೋ ತೀರಿಕೊಂಡ ಹಾಗಿತ್ತು.

ಭಾಷಣಕ್ಕೆ ಆರಿಸಿದ್ದ ಹುಡುಗಿ ತಾನ್ಯಾ ಕೇಳಿದಳು: "ಸೋ, ಡಿಡ್ ವೀ ಇನ್ವೈಟ್ ಎನಿ ಬ್ಲ್ಯಾಕ್ ಪೀಪಲ್?"

"ಕೇಳಿದ್ವಿ ಪುಟ್ಟಾ," ಎಂದರು ಆಶಾಲತಾ. "ಅವರೆಲ್ಲ ಈ ತಿಂಗಳು ತುಂಬಾ ಬಿಝಿ ಅಂತೆ."

3

ತಾನ್ಯಾಳಿಗೆ ಹನ್ನೆರಡು ವರ್ಷ. ಅವಳ ಅಜ್ಜಿ ಕಮಲಮ್ಮ, ಮಂಡ್ಯದ ಕಡೆಯವರು, ಆರು ವರ್ಷದಿಂದ ಇಲ್ಲೇ ಮಗನ ಮನೆಯಲ್ಲಿದ್ದಾರೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಪಾರ್ಟ್‌ಟೈಮು. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಊಟ, ಬೂಟು, ಜ್ವರ ಎಲ್ಲ ಹೀಗೇ ನಡೆದಿದೆ. ಒಂದು ಇಡೀ ಕನ್ನಡ ವಾಕ್ಯ ಆ ಹುಡುಗಿಯ ಬಾಯಿಂದ ಅಜ್ಜಿಯ ಕಿವಿಗೆ ಬಿದ್ದಿಲ್ಲ.

ತಾನ್ಯಾ ಮಾತಾಡಬೇಕಿದ್ದದ್ದು ವಯೋಲಾ ಡೆಸ್ಮಂಡ್ ಬಗ್ಗೆ: ಹೊಸ ಹತ್ತು ಡಾಲರ್ ನೋಟಿನ ಮೇಲಿರುವ ಕಪ್ಪು ಮಹಿಳೆ. 1946ರಲ್ಲಿ ಇಲ್ಲಿನ ನೋವಾ ಸ್ಕೋಷಿಯಾ ಪ್ರಾಂತ್ಯದ ಒಂದು ಸಿನಿಮಾ ಥಿಯೇಟರಿನಲ್ಲಿ, ಬಿಳಿಯರಿಗೆಂದು ಇಟ್ಟ ಸೀಟಿನಿಂದ ಏಳಲಿಲ್ಲ ಎಂದು ಅವರನ್ನು ಎಳೆದು ಹೊರಗೆ ಹಾಕಿದರು. ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಸಿನಿಮಾ ಕಾಣಲೆಂದು ಹತ್ತಿರ ಕೂತಿದ್ದರು.

ಹಿಂದಿನ ದಿನ ತಾನ್ಯಾ ಅಜ್ಜಿಯ ಬಲಗಿವಿಗೆ ಬಾಯಿಟ್ಟು ಹೇಳಿದಳು: "ಅಜ್ಜಿ, ದಿ ಲಾಸ್ಟ್ ಪಾರ್ಟ್ ಈಸ್ ಇನ್ ಕನ್ನಡ. ಇಟ್ಸ್ ಫಾರ್ ಯೂ."

"ಏನೇ ಅದು? ಈಗ್ಲೇ ಯೋಳು."

"ನೋಪ್. ಟುಮಾರೋ."

ಇನ್ನು ಸಭಾಂಗಣ. ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಏಳು ಕುರ್ಚಿ: ಎಡಕ್ಕೆ ಮೂರು ಕೆಂಪು ಗಣ್ಯರಿಗೆ, ಬಲಕ್ಕೆ ಮೂರು ನೀಲಿ ಗಣ್ಯರಿಗೆ. ನಡುವಿನ ನಾಲ್ಕನೆಯದು, ಯಾರ ಮೊಣಕೈ ಯಾರಿಗೂ ತಾಗದಿರಲೆಂದು, ಒಪ್ಪಂದದ ಮೇಲೆ ಖಾಲಿ. ಭಾಷಣ ಮಾಡುವ ಮಕ್ಕಳ ಮನೆಯವರು ಹಿಂದೆ, ಗುರ್ ಎನ್ನುವ ಹೀಟರಿನ ಪಕ್ಕ.

4

ಈ ಭಾಗ ಖಾಲಿ. ಒಪ್ಪಂದದ ಪ್ರಕಾರ ಇದು ಯಾರಿಗೂ ಅಲ್ಲ.

ಕಮಲಮ್ಮ ಬಂದು ಇದರಲ್ಲಿ ಕೂತರು.

5

ನೀಲಿ ಸೀರೆ, ಮೇಲೆ ಕೆಂಪು ಸ್ವೆಟರು. (ಇದು ನನ್ನ ಕೈಚಳಕವಲ್ಲ. ಬೇಕಾದರೆ ಫೋಟೋ ನೋಡಿ.)

"ಸರ್, ಅವರ ಸೀರೆ ನೋಡಿ. ಫೋಟೋದಲ್ಲಿ ನಿಮ್ಮವರು ನಾಲ್ಕಾಗ್ತಾರೆ," ಎಂದರು ಆಶಾಲತಾ.

"ಸ್ವೆಟರ್ ಯಾವ ಬಣ್ಣಾರೀ? ನಿಮ್ಮವರು ನಾಕ್ ಆಗ್ತಾರ!" ಎಂದರು ರುದ್ರಪ್ಪ.

ಸ್ವೆಟರ್ ತೆಗೆಸಿದರೆ ನೀಲಿಯಾಗುತ್ತದೆ, ತೆಗೆಸದಿದ್ದರೆ ಕೆಂಪಾಗುತ್ತದೆ. ಇಬ್ಬರೂ ಕೂಡಿ ಒಂದು ನಿರ್ಣಯಕ್ಕೆ ಬಂದರು: ಅಜ್ಜಿಯನ್ನು ಎಬ್ಬಿಸಬೇಕು. ಕೆಂಪು ನೀಲಿ ಸೇರಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಏಳದ ಹೆಂಗಸನ್ನು ಸ್ಮರಿಸುವ ಸಭೆ ಏಳದ ಹೆಂಗಸಿನಿಂದಾಗಿ ಶುರುವಾಗುತ್ತಿಲ್ಲ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದದ್ದು ಮೂರನೇ ಡ್ರಾಫ್ಟಿನಲ್ಲಿ.

"ನೀವು ಹೋಗಿ ಮಾತಾಡಿ," ಎಂದು ನನ್ನನ್ನು ಕಳಿಸಿದರು. "ನೀವು ಎಂಥವ್ರನ್ನೂ ಒಪ್ಪಿಸ್ತೀರ."

ಕಾಫಿ ಹಿಡಿದು ಹೋದೆ. ನಾವು ಯಾರನ್ನೂ ಎಳೆಯುವುದಿಲ್ಲ. ಮೊಣಕೈ ಹಿಡಿದು "ಬನ್ನಿ ಅಮ್ಮಾ, ಅಲ್ಲಿ ಬೆಚ್ಚಗಿದೆ" ಎನ್ನುತ್ತೇವೆ. ಕೆಲಸ ಅದೇ, ಸೀರೆ ಸುಕ್ಕಾಗುವುದಿಲ್ಲ.

"ಅಮ್ಮಾ, ಈ ಕುರ್ಚಿ ಯಾರಿಗೂ ಅಲ್ಲ," ಎಂದೆ.

"ಯಾರ್ಗೂ ಅಲ್ದಿದ್ಮೇಲೆ ಯಾರ್ದಪ್ಪ ತಕರಾರು?" ಎಂದು ಕಾಫಿ ಇಸಿದುಕೊಂಡರು. "ಅಲ್ಲಿ ಕುಂತ್ರೆ ಕೇಳಾಕಿಲ್ಲ. ನಮ್ ತಾನ್ಯಾ ಮಗ ಏನೋ ಯೋಳ್ತೀನಿ ಅಂದದೆ. ಕೇಳ್ಕಂಡು ಎದ್ದೋಯ್ತೀನಿ."

6

ಇಲ್ಲಿ ನನ್ನೊಳಗಿನ ಕಥೆಗಾರ ಎಚ್ಚೆತ್ತ. ಬರೀ ಕಿವಿ ಕೇಳದ್ದಕ್ಕೆ ಕೂತರು ಎಂದರೆ ಯಾರು ಓದುತ್ತಾರೆ? ಕಾರಣ ದೊಡ್ಡದಿರಬೇಕು. ಬರೆದೆ:

"ಕಮಲಮ್ಮನಿಗೆ ಊರಿನ ಶಾಲೆಯ ಜಗಲಿ ನೆನಪಾಯಿತು. ಒಳಗೆ ಬೇರೆ ಮಕ್ಕಳು; ಹೊರಗೆ, ಕಿಟಕಿಯ ಕೆಳಗೆ, ಅವರ ಕೇರಿಯ ಮಕ್ಕಳು. ಮೇಷ್ಟ್ರ ದನಿಯನ್ನು ಕಿವಿಯಿಟ್ಟು—"

"ಅಳಿಸು," ಎಂದರು ಕಮಲಮ್ಮ.

"ಯಾಕಮ್ಮಾ? ಸುಳ್ಳೇ?"

"ಸುಳ್ಳು ಅಂದ್ನಾ ನಾನು? ಅದ ಇಲ್ಲಿ ತರ್ಬ್ಯಾಡ ಅಂದೆ. ಅದ ಓದಿದೋರು ಅಯ್ಯೋ ಪಾಪ ಅಂತಾರೆ. ಅಯ್ಯೋ ಪಾಪ ಅಂದೋರು ಕುರ್ಚಿ ಕೊಡ್ತಾರೆ. ನಂಗೆ ಯಾರೂ ಕೊಡೋದು ಬ್ಯಾಡ ಕಣಪ್ಪ. ಆಗ್ಲೇ ಕುಂತಿವ್ನಿ."

"ಕಥೆಗೆ ತೂಕ ಬೇಕಲ್ಲ ಅಮ್ಮಾ."

"ತೂಕ ಬೇಕಾದ್ರೆ ನಿನ್ನ ನೋವ ಹಾಕ್ಕ. ನಂದು ನನ್ನತ್ರ ಇರ್ಲಿ."

(ಅಳಿಸಲಿಲ್ಲ. ನೀವು ಓದಿಬಿಟ್ಟಿರಿ. ಓದಿಲ್ಲ ಎಂದು ನಟಿಸಿ, ದಯವಿಟ್ಟು. ಅವರು ನಿಮ್ಮನ್ನೇ ನೋಡುತ್ತಿದ್ದಾರೆ.)

7

ಬಾಗಿಲಲ್ಲಿ ಗಣ್ಯರು ಬೂಟಿನ ಹಿಮ ಒದರುತ್ತಿದ್ದಾರೆ. ಮುಗಿಸಬೇಕು.

ಅಂತ್ಯ ಒಂದು: ಕೆಂಪು ಅಭ್ಯರ್ಥಿ ಬಂದವರೇ ಅಜ್ಜಿಯ ಎಡಗಾಲಿಗೆ ನಮಸ್ಕರಿಸುತ್ತಾರೆ, ನೀಲಿಯವರು ಓಡಿ ಬಂದು ಬಲಗಾಲು ಹಿಡಿಯುತ್ತಾರೆ. ಕ್ಯಾಮೆರಾ. ("ನನ್ನ ಕಾಲ ಮುಟ್ಟಿದ್ರೆ ಒದೀತೀನಿ" ಎಂದರು ಕಮಲಮ್ಮ. ಬಿಟ್ಟೆ.)

ಅಂತ್ಯ ಎರಡು: ರುದ್ರಪ್ಪ, ಆಶಾಲತಾ ಇಬ್ಬರೂ ಬ್ಯಾನರ್ ನೋಡುತ್ತಾರೆ, ಅಜ್ಜಿಯನ್ನು ನೋಡುತ್ತಾರೆ, ಮನಪರಿವರ್ತನೆಯಾಗುತ್ತದೆ. (ಅವರಿಬ್ಬರನ್ನೂ ನಾನು ಬಲ್ಲೆ. ಇದಕ್ಕೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ.)

ಅಂತ್ಯ ಮೂರು: ನಾನು ಇನ್ನೊಂದು ಕಾಫಿ ತಂದು, ಮೊಣಕೈ ಹಿಡಿದು, ಅವರನ್ನು ಹೀಟರಿನ ಪಕ್ಕ ಕೂರಿಸುತ್ತೇನೆ. ಎಲ್ಲರಿಗೂ ಸಮಾಧಾನ. ತಾನ್ಯಾ ಕನ್ನಡದಲ್ಲಿ ಏನೋ ಹೇಳುತ್ತಾಳೆ, ಚಪ್ಪಾಳೆ ಬೀಳುತ್ತದೆ, ಅಜ್ಜಿ ಪಕ್ಕದವರನ್ನು ಕೇಳುತ್ತಾರೆ: "ಏನಂತು ಮಗ?" (ಇದೇ ಆಗುವುದಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಇದು ಬೇಡ.)

ಹಾಗಾಗಿ ಗಣ್ಯರು ಬಾಗಿಲಲ್ಲೇ ಇರಲಿ. ಒದರಲು ಹಿಮ ಬೇಕಾದಷ್ಟಿದೆ. ತಾನ್ಯಾಳನ್ನು ಮೈಕಿನ ಮುಂದೆ ತಂದಿದ್ದೇನೆ. ಇಂಗ್ಲಿಷಿನ ಭಾಗ ಮುಗಿಸಿದಳು. ಕಾಗದ ಮಡಿಚಿ ಜೇಬಿಗಿಟ್ಟಳು. ನಾಲ್ಕನೇ ಕುರ್ಚಿಯ ಕಡೆ ನೋಡಿದಳು. ಕಮಲಮ್ಮ ಬಲಗಿವಿಯನ್ನು ಮುಂದೆ ಮಾಡಿ ಕೂತರು.

"ಅಜ್ಜೀ, ನಾನು—"

ವಿಮಾನ ಬಂತು.

ತಾನ್ಯಾ ಮಾಲ್ಟನ್‌ನ ಹುಡುಗಿ. ಬಾಯಿ ತೆರೆದುಕೊಂಡೇ ನಿಂತಳು.

ನನಗೆ ಇಷ್ಟೇ ಸಾಕು, ಇಲ್ಲಿಗೆ ನಿಲ್ಲಿಸಿ ಕುರ್ಚಿ ಮಡಿಚಿಬಿಡೋಣ ಎನಿಸಿತು. "ಕಥೆ ಮುಗೀತು, ಏಳಿ ಅಮ್ಮಾ," ಎಂದೆ.

"ಇನ್ನೂ ಕೇಳಿಲ್ಲ," ಎಂದರು ಕಮಲಮ್ಮ, ನನ್ನ ಕಡೆ ತಿರುಗದೆ. "ವಿಮಾನ ಓಗ್ಲಿ, ಸುಮ್ಕಿರು."

ಅವರು ಎದ್ದಿಲ್ಲ. ಅವರು ಕುಡಿದ ಕಾಫಿಯ ಖಾಲಿ ಕಪ್ಪು ಹಿಡಿದುಕೊಂಡು ನಾನೂ ನಿಂತೇ ಇದ್ದೇನೆ.