ಹಿಂದೆ ಕೂತವರ ಗಾಳಿ

"ಸ್ವಲ್ಪ ಬಗ್ಗಿಸಿ ಸಾರ್, ಇನ್ನೊಂಚೂರು!" ಎಂದು ಶವವಾಹನದ ಚಾಲಕ ಕೂಗುತ್ತಿದ್ದಂತೆ ಬಿದಿರಿನ ವಿಮಾನದ ತುದಿಗೆ ಕಟ್ಟಿದ್ದ ಬಾಳೆದಿಂಡು ವ್ಯಾನಿನ ಬಾಗಿಲಿಗೆ ತಗಲಿ ಮುರಿಯಿತು. ಹೊತ್ತವರು ನಿಂತರು. ವಿಮಾನದಲ್ಲಿ ಹಂಪಣ್ಣ ಕೂತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆಯ ಹಾರ, ಎಡ ಅಂಗೈಯಲ್ಲಿ ಇಷ್ಟಲಿಂಗ. ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಕುರ್ಚಿಗೆ ಒರಗಿದವರು ಮತ್ತೆ ಎದ್ದಿರಲಿಲ್ಲ.

"ಮಲಗಿಸ್ಬಿಟ್ರೆ ಆರಾಮಾಗಿ ಒಳಗೋಗುತ್ತೆ" ಎಂದ ಚಾಲಕ.

"ನಮ್ಮೊಳಗ ಮಲಗಸೂದಿಲ್ಲಪಾ" ಎಂದರು ವೀರಣ್ಣ. "ಕುಂದರಿಸಿಕೊಂಡ ಒಯ್ಯೂದು, ಕುಂದರಿಸೇ ಮಣ್ಣು ಕೊಡೂದು. ಇದನ್ನ ಮೊದಲೇ ಹೇಳಿರಲಿಲ್ಲೇನು ನಿನಗ?"

ವೀರಣ್ಣ ತೀರಿಕೊಂಡವರ ಅಣ್ಣ, ಸುದ್ದಿ ಕೇಳಿ ಹೊಸಪೇಟೆಯಿಂದ ಓಡಿ ಬಂದವರು. ಬಂದಾಗಿನಿಂದ ಅತ್ತಿರಲಿಲ್ಲ. ಹೂವಿನವನ ಮೇಲೆ, ಗುಂಡಿ ತೋಡುವವರ ಮೇಲೆ, ಈಗ ಚಾಲಕನ ಮೇಲೆ, ಸಿಕ್ಕಸಿಕ್ಕವರ ಮೇಲೆ ರೇಗುತ್ತಿದ್ದರು.

ಹಲಸೂರಿನ ಆ ಇಕ್ಕಟ್ಟಾದ ಓಣಿಯಲ್ಲಿ ಆಷಾಢದ ಗಾಳಿ ಧೂಳೆಬ್ಬಿಸುತ್ತಿತ್ತು. ರುದ್ರಭೂಮಿ ಇದ್ದದ್ದು ಕೆ.ಆರ್. ಪುರದ ಆಚೆ. ಹೊತ್ತುಕೊಂಡು ನಡೆಯುವಷ್ಟು ಹತ್ತಿರವಲ್ಲ. ಹೊತ್ತು ಮುಳುಗುವುದರೊಳಗೆ ಮುಗಿಯಬೇಕೆಂದು ಕ್ರಿಯೆ ಮಾಡಿಸಲು ಬಂದಿದ್ದ ಐನೋರು ಬೇರೆ ಎರಡು ಸಲ ಹೇಳಿದ್ದರು.

ಗೋಡೆಗೆ ಒರಗಿ ನಿಂತಿದ್ದ ಗೆಳೆಯ ಕಲೀಮುಲ್ಲಾ ಬಾಗಿಲ ಬಳಿ ಕೂತಿದ್ದ ಹಂಪಣ್ಣನವರ ಹೆಂಡತಿ ವಿಮಲಾಕ್ಷಿಯ ಹತ್ತಿರ ಬಂದರು. "ಭಾಭಿ, ಈ ವ್ಯಾನ್ ಬೇಡ, ಕಳಿಸ್ಬಿಡಿ. ಮಾರ್ಕೆಟ್ಟಿಂದ ತರಕಾರಿ ಟೆಂಪೊ ತರ್ತೀನಿ. ಮೇಲೆ ಓಪನ್ನು. ರಾಜನ ಥರ ಕೂರಿಸ್ಕೊಂಡು ಹೋಗೋಣ ಭಾಯ್‌ನ."

"ತೊಳೆಸ್ಕೊಂಡು ತಗೊಂಬನ್ನಿ" ಎಂದರು ವಿಮಲಾಕ್ಷಿ. "ಕೊತ್ತಂಬರಿ ವಾಸನೆ ಅಂದ್ರೆ ಅವರಿಗೆ ಆಗ್ತಿರಲಿಲ್ಲ."

* * *

ಹತ್ತು ವರ್ಷಗಳ ಹಿಂದೆ ಹಂಪಣ್ಣ ಕಲೀಮುಲ್ಲಾರ ಶೆಡ್ಡನ್ನು ಹುಡುಕಿಕೊಂಡು ಹೋಗಿದ್ದರು. ಅದು ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಗಳಿಗೆ ಫೈಬರ್ ಗೊಂಬೆ ಮಾಡುವುದು ಕಲೀಮುಲ್ಲಾರ ಕಸುಬು. ಒಳಗೆ ಕಾಲಿಟ್ಟರೆ ಬೋಳುತಲೆಯ ಹೆಂಗಸರು ಸಾಲಾಗಿ ನಿಂತಿರುತ್ತಿದ್ದರು.

"ನಂಗೊಂದು ಮೂಗು ಮಾಡಿಕೊಡ್ಬೇಕು" ಎಂದಿದ್ದರು ಹಂಪಣ್ಣ.

"ಯಾರ ಮೂಗು ಸಾಬ್?"

"ಮೋಟರ್‌ಸೈಕಲ್ಲಿಂದು. ಗಾಳಿ ಸೀಳ್ಕೊಂಡು ಹೋಗೋ ಅಂಥದು."

ಕಲೀಮುಲ್ಲಾ ನಕ್ಕಿದ್ದರು. "ನಾನು ಮೂಗು ಮಾಡೋದು ಸೀರೆ ಉಡೋ ಗೊಂಬೆಗೆ."

"ಆ ಕೈಯೇ ಬೇಕಾಗಿರೋದು. ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಡಬ್ಬ ಮಾಡೋದಷ್ಟೇ ಗೊತ್ತು."

ಕೆ.ಆರ್. ಪುರದ ಆಚೆಗಿದ್ದ ಆ ಕಾರ್ಖಾನೆ ಅಲ್ಲಿಯವರೆಗೆ ಮಾಡಿದ್ದು ಮೊಪೆಡ್ಡುಗಳನ್ನು ಮಾತ್ರ. ಈಗ ಮಾಲೀಕರಿಗೆ ದೊಡ್ಡ ಗಾಡಿಯ ಆಸೆ ಹುಟ್ಟಿತ್ತು. ವೇಗವಾಗಿ ಹೋಗಬೇಕು, ಇಬ್ಬರನ್ನು ಕೂರಿಸಿಕೊಂಡು ದೂರದೂರಿಗೆ ಹೋಗಬೇಕು, ಇಳಿದಾಗ ಮೈಕೈ ನೋಯಬಾರದು. ಹೆಸರನ್ನೂ ಇಟ್ಟಾಗಿತ್ತು: ಸಾರಥಿ. ಎಂಜಿನ್ನು ಬೇರೆಯವರ ಪಾಲಿಗೆ ಬಂತು. ಅದರ ಮೈಯೆಲ್ಲ, ಗಾಳಿಗೆ ಎದುರಾಗುವ ಮುಂಭಾಗ, ಅದರ ಮೇಲಿನ ಪಾರದರ್ಶಕ ಗಾಳಿತಡೆ, ಸೀಟು, ಇವು ಹಂಪಣ್ಣನವರ ಪಾಲಿಗೆ ಬಂದವು.

ಆರು ತಿಂಗಳು ಇಬ್ಬರೂ ಪ್ಲಾಸ್ಟರ್ ಕೆತ್ತಿದರು, ಉಜ್ಜಿದರು, ಒಡೆದರು, ಮತ್ತೆ ಕೆತ್ತಿದರು. ಹಂಪಣ್ಣ ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡುತ್ತಿದ್ದರು. "ಇಲ್ಲಿ ಗಾಳಿ ಮುಗ್ಗರಿಸುತ್ತೆ ಕಲೀಂ" ಎಂದರೆ ಕಲೀಮುಲ್ಲಾ ಉಜ್ಜುಕಾಗದ ಎತ್ತಿಕೊಳ್ಳುತ್ತಿದ್ದರು.

ಗಾಳಿ ಹೇಗೆ ಹರಿಯುತ್ತದೆಂದು ನೋಡಬೇಕಲ್ಲ. ಗಾಡಿಯ ಮೈ ತುಂಬ ಕೆಂಪು ಉಣ್ಣೆಯ ಎಳೆಗಳನ್ನು ಅಂಟಿಸಿದರು. ಎಳೆ ತೆಪ್ಪಗೆ ಮಲಗಿದರೆ ಗಾಳಿ ನೆಟ್ಟಗಿದೆ ಎಂದರ್ಥ, ಕುಣಿದರೆ ಕೆಟ್ಟಿದೆ ಎಂದು. ಹಿಂದಿನ ಸೀಟಿನಲ್ಲಿ ಯಾರಾದರೂ ಬೇಕಲ್ಲ ಎಂದು ಕಲೀಮುಲ್ಲಾ ತಮ್ಮದೊಂದು ಗೊಂಬೆಯ ಸೊಂಟ ಕೊಯ್ದು ಕೂರುವಂತೆ ಮಾಡಿ, ಹಗ್ಗದಲ್ಲಿ ಬಿಗಿದರು. ಹಂಪಣ್ಣ ಓಡಿಸಿದರು. ಕಲೀಮುಲ್ಲಾ ಪಕ್ಕದಲ್ಲಿ ಕಾರ್ಖಾನೆಯ ಜೀಪಿನಲ್ಲಿ ಕೂತು ಎಳೆಗಳನ್ನು ನೋಡುತ್ತ ಹೊರಟರು. ಬೈಯಪ್ಪನಹಳ್ಳಿಯ ಹತ್ತಿರ ಪೊಲೀಸಿನವನು ಅಡ್ಡ ಹಾಕಿದ.

"ಏನ್ರೀ ಇದು, ಹೆಂಗಸನ್ನ ಕಟ್ಟಾಕ್ಕೊಂಡು ಹೋಗ್ತಿದೀರಲ್ರೀ!" ಎಂದು ಗದರಿದವನು ಹತ್ತಿರ ಬಂದು, ಗೊಂಬೆಯ ಕೆನ್ನೆ ಮುಟ್ಟಿ ನೋಡಿ, ಕೈಬೀಸಿ ಕಳಿಸಿದ್ದ.

ಮನೆಯಲ್ಲಿ ಈ ಕತೆ ಕೇಳಿ ವಿಮಲಾಕ್ಷಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಕೇಳಿದರು: "ಗೊಂಬೆಗೆ ಕತ್ತು ನೋಯುತ್ತಾ? ಕಿವಿ ನೋಯುತ್ತಾ? ಏನ್ ಗೊತ್ತಾಗುತ್ತೆ ಅದಕ್ಕೆ? ನಾನು ಕೂರ್ತೀನಿ ನಡೀರಿ."

ಆ ಭಾನುವಾರ ಕೋಲಾರದವರೆಗೆ ಹೋಗಿ ಬಂದರು. ಇಳಿದ ಮೇಲೆ ವಿಮಲಾಕ್ಷಿ ಹೆಲ್ಮೆಟ್ ತೆಗೆದು ಗಂಡನ ಕೈಗೆ ಕೊಟ್ಟರು. "ಮುಂದೆ ಕೂತೋರಿಗೆ ಪರಮಸುಖ. ನಿಮ್ಮ ತಲೆ ಮೇಲೆ ಹಾರಿದ ಗಾಳಿ ಎಲ್ಲಾ ಬಂದು ನನ್ನ ಮುಖಕ್ಕೇ ಬಡಿಯುತ್ತೆ. ಕಿವಿ ಹತ್ರ ಯಾರೋ ತಮಟೆ ಹೊಡೆದಂಗಾಗುತ್ತೆ."

ಹಂಪಣ್ಣ ಅದನ್ನು ದೂರು ಎಂದುಕೊಳ್ಳಲಿಲ್ಲ. ಮಾರನೆಯ ದಿನವೇ ಶೆಡ್ಡಿಗೆ ಹೋಗಿ, "ಮತ್ತೆ ಮೊದಲಿಂದ" ಎಂದರು.

* * *

ಟೆಂಪೊ ತೊಳೆದುಕೊಂಡೇ ಬಂತು. ವಿಮಾನವನ್ನು ಮೇಲೇರಿಸಿ ಕಟ್ಟಿದ್ದೂ ಆಯಿತು. ಕಟ್ಟಿದ ಮೇಲೆ ನೋಡಿದರೆ ಹಂಪಣ್ಣನವರ ಎದೆ, ತಲೆ ಎರಡೂ ಚಾಲಕನ ಕ್ಯಾಬಿನ್ನಿಗಿಂತ ಎತ್ತರದಲ್ಲಿದ್ದವು. ಓಣಿ ದಾಟಿ ಮುಖ್ಯರಸ್ತೆಗೆ ಬಂದದ್ದೇ ತಡ, ಕೆರೆಯ ಕಡೆಯಿಂದ ಬೀಸಿದ ಗಾಳಿಗೆ ಹಾರ ಎದ್ದು ಮುಖಕ್ಕೆ ಬಡಿಯಿತು. ವಿಭೂತಿಯ ಪುಡಿ ಹಾರಿತು. ಬಟ್ಟೆಯಲ್ಲಿ ಕಟ್ಟಿದ್ದ ತಲೆ ಒಂದು ಪಕ್ಕಕ್ಕೆ ವಾಲಿತು.

"ನಿಲ್ಸಿ, ನಿಲ್ಸಿ!" ಎಂದು ಮಗಳು ಪ್ರತಿಭಾ ಕೂಗಿದಳು. ಟೆಂಪೊ ಹತ್ತಿ, ಹಾರವನ್ನು ಒತ್ತಿ ಹಿಡಿದಳು. "ಇಲ್ಲೇ ಹಿಂಗಾದ್ರೆ ಹಳೇ ಮದ್ರಾಸ್ ರೋಡಲ್ಲಿ ಏನ್ ಗತಿ?"

ಕಲೀಮುಲ್ಲಾ ಹಂಪಣ್ಣನವರ ಮುಖವನ್ನೊಮ್ಮೆ ನೋಡಿದರು. ಕ್ಯಾಬಿನ್ನಿನ ಎತ್ತರವನ್ನು ನೋಡಿದರು. "ಬಂದೆ" ಎಂದವರೇ ಸಿಕ್ಕ ಆಟೊ ಹತ್ತಿ ಶಿವಾಜಿನಗರದ ತಮ್ಮ ಶೆಡ್ಡಿಗೆ ಹೋದರು. ಮರಳಿದಾಗ ಅವರ ಮಡಿಲ ಮೇಲೆ ಬಾಗಿದ ಅಗಲವಾದ ಪಾರದರ್ಶಕ ಹಾಳೆಯೊಂದಿತ್ತು. ಆಟೊಗಳಿಗೆಂದು ಅವರೂ ಹಂಪಣ್ಣನವರೂ ಈಚೆಗೆ ಶೆಡ್ಡಿನಲ್ಲಿ ಮಾಡುತ್ತಿದ್ದ ಗಾಳಿತಡೆ.

"ಏನಿದು?" ಎಂದರು ವೀರಣ್ಣ.

"ಮುಂದೆ ಕಟ್ತೀನಿ ಅಣ್ಣಾ. ಗಾಳಿ ತಾಗಲ್ಲ."

"ಹೆಣದ ಮುಂದ ಗ್ಲಾಸು? ಇದೇನ ಮದವಿ ಮೆರವಣಿಗಿ ಅಂತ ತಿಳಿದೀರೇನು? ನೋಡಿದ ಮಂದಿ ನಗತಾರ. ಬ್ಯಾಡ, ತಗೀರಿ."

ಕಲೀಮುಲ್ಲಾ ಹಾಳೆಯನ್ನು ಹಿಡಿದೇ ನಿಂತರು. ಅಷ್ಟರಲ್ಲಿ ಹಿಂದೆ ಕಾರು ನಿಲ್ಲಿಸಿ, ಕೋಲೂರಿಕೊಂಡು ಒಬ್ಬ ಹಿರಿಯರು ಬಂದರು. ಇಂದಿರಾನಗರದ ಶಿವಶರಣ, ಕಾರ್ಖಾನೆಯಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು. ಹಂಪಣ್ಣನವರಿಗೆ ಕೈಮುಗಿದು, ಆಮೇಲೆ ಕಲೀಮುಲ್ಲಾರತ್ತ ತಿರುಗಿದರು.

"ಕಟ್ಟು. ಆದ್ರೆ ಕೆಳಗೆ ಎರಡು ಬೆರಳು ಸಂದು ಬಿಡು. ಪೂರ್ತಿ ಮುಚ್ಚಿದ್ರೆ ಹಿಂದಿಂದ ಎಳೆಯುತ್ತೆ."

"ಗೊತ್ತು ಸಾರ್."

"ನೀವು ಯಾರ್ರಿ?" ಎಂದರು ವೀರಣ್ಣ.

"ನಿಮ್ಮ ತಮ್ಮನ ಜೊತೆ ದಿನಾ ಜಗಳ ಆಡ್ತಿದ್ದೋನು ರೀ" ಎಂದರು ಶಿವಶರಣ.

* * *

ಜಗಳವಾದದ್ದು ಹಿಂದಿನ ಸೀಟಿನ ಬಗ್ಗೆ. ಶಿವಶರಣರ ಲೆಕ್ಕ ಸ್ಪಷ್ಟವಾಗಿತ್ತು. ಗಾಳಿತಡೆ ಗಿಡ್ಡಗಿದ್ದಷ್ಟೂ ವೇಗ ಹೆಚ್ಚು. ಹಿಂದೆ ಕೂತವರಿಗಾಗಿ ಎತ್ತರಿಸಿದರೆ ಗಾಡಿ ಗಾಳಿಯನ್ನೆಲ್ಲ ಹೊತ್ತುಕೊಂಡು ಹೋಗಬೇಕು. "ಹಿಂದಿನ ಸೀಟನ್ನೇ ಚಿಕ್ಕದು ಮಾಡಿ" ಎಂದು ಸಭೆಯಲ್ಲಿ ಹೇಳಿದ್ದರು. "ಇಂಥ ಗಾಡಿ ಮೇಲೆ ಹೆಂಡ್ತೀನ ಕೂರಿಸ್ಕೊಂಡು ಹೋಗೋರು ಎಷ್ಟು ಜನ?"

"ನಾನು ಒಬ್ಬ" ಎಂದಿದ್ದರು ಹಂಪಣ್ಣ. "ಒಬ್ರೇ ಹೋಗೋದಾದ್ರೆ ದೂರದೂರಿಗೆ ಯಾಕ್ ಹೋಗ್ಬೇಕು ಸಾರ್? ನೋಡಿದ್ದನ್ನ ಯಾರಿಗೆ ತೋರ್ಸೋದು?"

ಸಭೆಯಲ್ಲಿ ಯಾರೋ ನಕ್ಕರು. ಹಂಪಣ್ಣ ನಗಲಿಲ್ಲ. "ನೀವೇ ಒಂದ್ಸಲ ಹಿಂದೆ ಕೂತು ನೋಡಿ. ಆಮೇಲೆ ಸೀಟು ಕತ್ತರಿಸಿ ಅಂದ್ರೆ ನಾನೇ ಕತ್ತರಿಸ್ತೀನಿ."

ಮುಖ್ಯ ಎಂಜಿನಿಯರು ಹಟಕ್ಕೆ ಬಿದ್ದು ಕೂತರು. ಹೊಸಕೋಟೆ ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು, ಕುತ್ತಿಗೆ ಹಿಡಿದುಕೊಂಡಿತ್ತು, ಕಿವಿಯಲ್ಲಿ ಒಂದೇ ಸಮನೆ ಬಡಿತ. ನಿಲ್ಲಿಸು ಎನ್ನಲು ಮರ್ಯಾದೆ ಅಡ್ಡ ಬಂತು. ಅಷ್ಟರಲ್ಲಿ ಏನೋ ಕಪ್ಪಗಿನದು ಹಾವಿನಂತೆ ಅವರ ಭುಜದ ಮೇಲಿಂದ ಹಾರಿಹೋಯಿತು. ಗಾಳಿತಡೆಯ ಕೆಳಗಿನ ರಬ್ಬರು ಪಟ್ಟಿ ಕಿತ್ತುಬಂದಿತ್ತು. ಹಂಪಣ್ಣ ಗಾಬರಿಯಾಗಿ ವೇಗ ಇಳಿಸಿದರು.

"ನಿಲ್ಲಿಸ್ಬೇಡ!" ಎಂದು ಶಿವಶರಣ ಹಿಂದಿನಿಂದ ಕೂಗಿದರು. "ಹಂಗೇ ಹೋಗು! ಸದ್ದು ನಿಂತೋಯ್ತು!"

ಇಬ್ಬರೂ ಮುಳಬಾಗಿಲಿನವರೆಗೆ ಹಾಗೆಯೇ ಹೋದರು. ರಸ್ತೆ ಪಕ್ಕ ಹುಣಸೆಮರದ ಕೆಳಗೆ ನಿಂತು, ಆ ಸಂದಿಗೆ ಬೆರಳು ಹಾಕಿ ಹಾಕಿ ನೋಡಿದರು. ಕೆಳಗಿಂದ ನುಗ್ಗುವ ಒಂದಿಷ್ಟು ಗಾಳಿ ತಡೆಯ ಹಿಂದಿನ ಖಾಲಿ ಜಾಗವನ್ನು ತುಂಬುತ್ತಿತ್ತು. ಆದ್ದರಿಂದ ಮೇಲಿನ ಗಾಳಿ ಕೆಳಕ್ಕೆ ಕುಸಿಯದೆ ಇಬ್ಬರ ತಲೆಯನ್ನೂ ದಾಟಿ ಹೋಗುತ್ತಿತ್ತು. ಶಿವಶರಣ ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಲೆಕ್ಕ ಹಾಕತೊಡಗಿದರು. ಹಂಪಣ್ಣ ಎರಡು ಲೋಟ ಟೀ ತಂದು, ಗೆರೆ ತುಳಿಯದಂತೆ ಸುತ್ತು ಹಾಕಿ ಬಂದು ಕೊಟ್ಟರು.

"ಸೀಟು ಕತ್ತರಿಸ್ಲಾ ಸಾರ್?"

"ಟೀ ಕುಡಿಯಯ್ಯಾ ಸುಮ್ನೆ" ಎಂದಿದ್ದರು ಶಿವಶರಣ.

ಸಾರಥಿ ಬಂತು. ಕೊಂಡವರು ಹೊಗಳಿದರು, ಆದರೆ ಕೊಂಡವರೇ ಕಡಿಮೆ. ಕೆಲವು ವರ್ಷಕ್ಕೆ ಕಾರ್ಖಾನೆ ಅದನ್ನು ನಿಲ್ಲಿಸಿತು, ಆಮೇಲೆ ತಾನೂ ನಿಂತಿತು. ಅದು ಬಾಗಿಲು ಮುಚ್ಚಿದ ಸಂಜೆ ಹಂಪಣ್ಣ ಮನೆಗೆ ಬಂದು, "ಇನ್ನು ಭಾನುವಾರಕ್ಕೆ ಕಾಯೋ ಹಂಗಿಲ್ಲ, ಎಲ್ಲಿಗೆ ಹೋಗೋಣ ಹೇಳು" ಎಂದು ಹೆಂಡತಿಯನ್ನು ಕೇಳಿದರು. ಊರಲ್ಲಿದ್ದಾಗ ಕಲೀಮುಲ್ಲಾರ ಶೆಡ್ಡಿನಲ್ಲಿ ಆಟೊಗಳಿಗೆ ಗಾಳಿತಡೆ ಮಾಡಿದರು. ಊರಲ್ಲಿ ಇಲ್ಲದಾಗ ಗೋಕರ್ಣ, ಕನ್ಯಾಕುಮಾರಿ, ಬೀದರದ ಕೋಟೆ.

* * *

"ಒಯ್ಯೂದು ಹೆಣಾ" ಎಂದರು ವೀರಣ್ಣ, ದನಿ ಇಳಿಸಿ. "ಅದಕ್ಕ ಗಾಳಿ ತಾಗಿದರೇನು, ಬಿಟ್ಟರೇನು? ಜನ್ಮಪೂರ್ತಿ ಇದೇ ಗಾಡಿ ಹುಚ್ಚು. ನನ್ನ ಮಗಳ ಮದವ್ಯಾಗ ಅಕ್ಕಿಕಾಳು ಬಿದ್ದು, ಊಟದ ಪಂಕ್ತಿ ಎದ್ದ ಮ್ಯಾಲ ಬಂದ. ಸ್ವಂತ ಕಾಕಾ! ಕೇಳಿದರ, ದಾರ್ಯಾಗ ತಡ ಆತು ಅಂದ. ಅಷ್ಟ."

ವಿಮಲಾಕ್ಷಿ ಎದ್ದು ಬಂದು ಟೆಂಪೊದ ಪಕ್ಕ ನಿಂತರು.

"ಭಾವ, ಅವತ್ತು ನಾನೂ ಹಿಂದೆ ಕೂತಿದ್ದೆ. ಚಿತ್ರದುರ್ಗದಲ್ಲಿ ನಮ್ಮ ಮುಂದೆ ಒಂದು ಸಾರಥಿ ಹೋಗ್ತಿತ್ತು. ರಸ್ತೇಲಿ ಇನ್ನೊಬ್ಬರ ಸಾರಥಿ ನೋಡಿದ್ದು ಅದೇ ಮೊದ್ಲು. ಗಂಡ ಹೆಂಡತಿ. ಆ ಹುಡುಗಿ ಅವನ ಬೆನ್ನಿಗೆ ಕೆನ್ನೆ ಇಟ್ಟು ನಿದ್ದೆ ಮಾಡಿಬಿಟ್ಟಿದ್ಲು. ಅಷ್ಟು ಸ್ಪೀಡಲ್ಲಿ! ಮುಡಿದ ಹೂವು ಸೈತ ಅಲ್ಲಾಡ್ತಿರಲಿಲ್ಲ. ಇವರು ನೋಡಿದ್ರು. ನೋಡ್ತಾ ಅವರ ಹಿಂದೇನೇ ಹೋದ್ರು. ಹೊಸಪೇಟೆ ತಿರುವು ಬಂತು, ಹೋಯ್ತು. ನಾನು ಭುಜ ತಟ್ಟಿದೆ, ಕೇಳಿಸಲಿಲ್ಲ. ದಾವಣಗೆರೆ ಬಂದಾಗಲೇ ಎಚ್ಚರ ಆಗಿದ್ದು ಅವರಿಗೆ."

ವೀರಣ್ಣ ತಮ್ಮನ ಕಡೆ ನೋಡಿದರು.

"ಮತ್ತ ನನಗ್ಯಾಕ ಹೇಳಲಿಲ್ಲ ಅಂವಾ?"

"ಹೇಳಿದ್ರೆ ಅಣ್ಣ ಇನ್ನೂ ಬೈತಾನೆ ಅಂದ್ರು" ಎಂದು ವಿಮಲಾಕ್ಷಿ ನಕ್ಕರು. ನಗುವಾಗಲೇ ಅವರ ಕೆನ್ನೆ ಒದ್ದೆಯಾಯಿತು. "ಊಟಕ್ಕೆ ಕೂತಾಗ ನೀವು ಬೈತಿದ್ರಿ. ಅವರು ತಲೆ ತಗ್ಗಿಸಿಕೊಂಡು ನಗ್ತಿದ್ರು. ಅಷ್ಟು ಖುಷಿಯಾಗಿ ಬೈಸಿಕೊಂಡೋರನ್ನ ನಾನು ನೋಡಿಲ್ಲ."

ಪ್ರತಿಭಾ ವೀರಣ್ಣನವರ ಕೈ ಹಿಡಿದಳು. "ದೊಡ್ಡಪ್ಪ, ಹೊತ್ತಾಗ್ತಿದೆ."

ಅವರು ಐನೋರ ಮುಖ ನೋಡಿದರು. "ಶಾಸ್ತ್ರದಾಗ ಗ್ಲಾಸು ಬ್ಯಾಡ ಅಂತ ಎಲ್ಲೂ ಹೇಳಿಲ್ಲ" ಎಂದರು ಐನೋರು.

"ಕಟ್ಟರಿ ಹಂಗಾದರ" ಎಂದು ವೀರಣ್ಣ ತಾವೇ ಮೊದಲು ಟೆಂಪೊ ಹತ್ತಿದರು. ಕಲೀಮುಲ್ಲಾ ಮೇಲೆ ಹತ್ತಲು ಕೈ ಚಾಚಿದಾಗ ಆ ಕೈಯನ್ನು ಹಿಡಿದು ಎಳೆದುಕೊಂಡವರೂ ಅವರೇ.

ಕಲೀಮುಲ್ಲಾ ಹಾಳೆಯನ್ನು ಬಿದಿರಿಗೆ ಬಿಗಿದರು. ಕೆಳಗೆ ಸಂದು ಬಿಟ್ಟರು. ಶಿವಶರಣ ಕೆಳಗೆ ನಿಂತು ಕೋಲು ಎತ್ತಿ, "ಇನ್ನೂ ಸ್ವಲ್ಪ ಹಿಂದಕ್ಕೆ ಬಾಗಲಿ, ಇನ್ನೂ ಸ್ವಲ್ಪ, ಹಾಂ" ಎಂದರು. ಪ್ರತಿಭಾ ಅಪ್ಪನ ಹಣೆಗೆ ಹೊಸದಾಗಿ ವಿಭೂತಿ ಬಳಿದು ಇಳಿದಳು.

ಟೆಂಪೊ ಹೊರಟಿತು. ಹಿಂದೆ ಶಿವಶರಣರ ಕಾರಿನಲ್ಲಿ ವಿಮಲಾಕ್ಷಿ, ಪ್ರತಿಭಾ. ಇಂದಿರಾನಗರದ ಸಿಗ್ನಲ್ ದಾಟಿ, ಬೈಯಪ್ಪನಹಳ್ಳಿ ದಾಟಿ, ರಸ್ತೆ ಬಿಡುವಾದ ಕಡೆ ಚಾಲಕ ವೇಗ ಹೆಚ್ಚಿಸಿದ. ವೀರಣ್ಣ ಮಾತ್ರ ಕೂರಲು ಒಪ್ಪದೆ ವಿಮಾನದ ಹಿಂದೆ ನಿಂತಿದ್ದರು, ಎರಡೂ ಕೈಗಳಿಂದ ತಮ್ಮನ ಭುಜ ಹಿಡಿದು. ಅವರ ಧೋತರ ಪಟಪಟ ಬಡಿಯುತ್ತಿತ್ತು. ಕೆ.ಆರ್. ಪುರದ ತೂಗುಸೇತುವೆಯ ಏರಿನಲ್ಲಿ ಗಾಳಿ ಜೋರಾಯಿತು. ಹೆಗಲ ಮೇಲಿನ ವಲ್ಲಿ ಹಾರಿ ರಸ್ತೆಗೆ ಬಿತ್ತು. ಅವರು ತಿರುಗಿಯೂ ನೋಡಲಿಲ್ಲ. ಕಣ್ಣು ಕಿರಿದು ಮಾಡಿ, ಮುಖ ಆ ಕಡೆ ಈ ಕಡೆ ಹೊರಳಿಸಿ, ಕೊನೆಗೆ ಮೆಲ್ಲಗೆ ಬಾಗಿದರು. ಇನ್ನೂ ಬಾಗಿದರು. ತಮ್ಮನ ಕಿವಿಯ ಪಕ್ಕಕ್ಕೆ ತಮ್ಮ ಕೆನ್ನೆ ತಂದರು.

ಅಲ್ಲಿ ಸೇವಂತಿಗೆಯ ಒಂದು ಎಸಳೂ ಅಲುಗುತ್ತಿರಲಿಲ್ಲ. ವೀರಣ್ಣನವರ ಕೆದರಿದ ಬಿಳಿಗೂದಲು ನಿಧಾನವಾಗಿ ತಲೆಯ ಮೇಲೆ ಕೂತಿತು. ಏನೋ ಹೇಳುತ್ತಿರುವಂತೆ ಅವರ ದವಡೆ ಅಲುಗುತ್ತಿದ್ದುದು ಹಿಂದಿನ ಕಾರಿನಲ್ಲಿದ್ದವರಿಗೆ ಕಂಡಿತು. ಸೇತುವೆ ಇಳಿಯುವವರೆಗೂ ಅವರು ತಲೆ ಎತ್ತಲಿಲ್ಲ.